ಮೊಟ್ಟೆ ತೆಗೆದು ಬಿಸಾಡಿ ಅಂದಿದ್ದೆ

ಮಂಗಳೂರಿನ ಒಂದು ಪ್ರಾಣಿ ಕ್ಲಿನಿಕ್‌ನಲ್ಲಿ ನಾನು ಡಾಕ್ಟರಿಗೆ ಸಹಾಯಕ. ಫೋನ್ ಎತ್ತುವುದೂ ನಾನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಕನಾಡಿ ಕಡೆಯ ಒಬ್ಬರು ಅಮ್ಮ ಫೋನ್ ಮಾಡಿದರು. "ನಮ್ಮ ಕಾಕಟೀಲ್ ಗಿಳಿ ಮೊಟ್ಟೆ ಇಟ್ಟಿದೆ ಮಾರಾಯ್ರೆ. ಗಂಡು ಹಕ್ಕಿಯೇ ಇಲ್ಲ, ಇದೆಂತ?"

ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುವುದಿಲ್ವಾ, ಹಾಗೆಯೇ ಇದು, ಮರಿ ಆಗುವುದಿಲ್ಲ, ತೆಗೆದು ಬಿಸಾಡಿ ಅಂದೆ. ಬಿಸಾಡಿ ಅಂದದ್ದೇ ತಪ್ಪು.

ಅವರು ಬಿಸಾಡಿದರು. ಒಂದು ದಿನ ಬಿಟ್ಟು ಇನ್ನೊಂದು ಬಂತು. ಅದನ್ನೂ ಬಿಸಾಡಿದರು. ಮೊಟ್ಟೆ ಕಾಣೆಯಾದ ಹಾಗೆಲ್ಲ ಹಕ್ಕಿ ಲೆಕ್ಕ ಭರ್ತಿ ಮಾಡುತ್ತಾ ಹೋಗುತ್ತದೆ. ನಾಲ್ಕೈದಕ್ಕೆ ನಿಲ್ಲಬೇಕಾದದ್ದು ಹನ್ನೊಂದಕ್ಕೆ ಹೋಯಿತು. ಹನ್ನೆರಡನೆಯದು ಹೊರಗೆ ಬರಲೇ ಇಲ್ಲ.

ಅವತ್ತು ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದರು. ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಜೊತೆಗೆ ಹಿಂದಿನ ಮೊಟ್ಟೆಯನ್ನೂ ಹತ್ತಿಯಲ್ಲಿ ಸುತ್ತಿ ತಂದಿದ್ದರು. ಬೆರಳಿಟ್ಟರೆ ನೆನೆದ ಕಾಗದದ ಹಾಗೆ ಒಳಗೆ ಹೋಗುವ ಚಿಪ್ಪು. ಮೈಯಲ್ಲಿದ್ದ ಕ್ಯಾಲ್ಸಿಯಂ ಎಲ್ಲ ಮೊಟ್ಟೆಗೇ ಖರ್ಚಾಗಿತ್ತು. ಡಾಕ್ಟರ್ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು, ಬೆಚ್ಚಗಿನ ಹಬೆಯಾಡುವ ಪೆಟ್ಟಿಗೆಯಲ್ಲಿ ಇಟ್ಟರು. ಸಂಜೆ ಹೊತ್ತಿಗೆ ಮೊಟ್ಟೆ ಬಂತು. ಹೊಟ್ಟೆ ಒತ್ತಿ ತೆಗೆಯುವ ಸಾಹಸ ಮನೆಯಲ್ಲಿ ಯಾರೂ ಮಾಡಬೇಡಿ, ಒಳಗೇ ಒಡೆದರೆ ಹಕ್ಕಿ ಉಳಿಯುವುದು ಕಷ್ಟ.

ಡಾಕ್ಟರ್ ನನಗೆ ಬೈಯಲಿಲ್ಲ. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಅಮ್ಮನ ಹತ್ತಿರ ಮನೆ ವಿಚಾರ ಕೇಳಿದರು. ಲೈಟ್ ಆರುವುದು ಎಷ್ಟು ಗಂಟೆಗೆ? ಧಾರಾವಾಹಿ ಮುಗಿದು ಹನ್ನೊಂದಕ್ಕೆ. ಗೂಡಲ್ಲಿ ಎಂತ ಉಂಟು? ಆಟಕ್ಕೆ ಅಂತ ತೆಂಗಿನಕಾಯಿಯ ಅರ್ಧ ಗೆರಟೆ, ಒಂದು ಕನ್ನಡಿ. ತಿನ್ನಲಿಕ್ಕೆ? ಬರೀ ಸೂರ್ಯಕಾಂತಿ ಬೀಜ, ರಾತ್ರಿ ಬಿಸಿ ಗಂಜಿ ಅನ್ನ. ಮುದ್ದು ಮಾಡುವುದು? ಬೆನ್ನು ಸವರಿ.

ನಮಗೆ ಅದು ಪ್ರೀತಿ. ಹಕ್ಕಿಗೆ ಅದು ಬೇರೆಯೇ ಸುದ್ದಿ. ಕಾಕಟೀಲ್ ಆಸ್ಟ್ರೇಲಿಯಾದ ಒಣ ಸೀಮೆಯದು. ಅಲ್ಲಿ ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದಾಗ ಸಂಸಾರ ಹೂಡುತ್ತದೆ. ಈ ಮನೆಯಲ್ಲಿ ಉದ್ದ ಹಗಲು, ಹೊಟ್ಟೆ ತುಂಬ ಊಟ, ಮೊಟ್ಟೆ ಇಡುವ ಗೂಡಿನಂಥ ಗೆರಟೆ, ಬೆನ್ನು ಸವರುವ ಜೊತೆಗಾರ ಎಲ್ಲವೂ ವರ್ಷಪೂರ್ತಿ ಇತ್ತು. ಮತ್ತೆ ಮೊಟ್ಟೆ ಇಡದೆ ಇನ್ನೇನು ಮಾಡೀತು?

ಗೆರಟೆ, ಕನ್ನಡಿ ಹೊರಗೆ ಹೋದವು. ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಕತ್ತಲೆ ಕೋಣೆ. ನಮ್ಮ ಸೆಕೆಗೆ ಗೂಡಿನ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸುವುದಕ್ಕಿಂತ ಇದು ವಾಸಿ. ಬೀಜ ಕಡಿಮೆ ಮಾಡಿ ನುಗ್ಗೆ ಸೊಪ್ಪು. ಸವರುವುದಾದರೆ ತಲೆ ಮಾತ್ರ. ಕ್ಯಾಲ್ಸಿಯಂಗೆ ಅಂತ ಗೂಡಿಗೊಂದು ಕಟಲ್‌ಬೋನ್ ಸಿಕ್ಕಿಸಿದರು. ಅದು ಸಮುದ್ರದ ಬೊಂಡಾಸಿನ (ಸ್ಕ್ವಿಡ್) ನೆಂಟ ಕಟಲ್‌ಫಿಶ್‌ನ ಬೆನ್ನೊಳಗಿನ ಬಿಳಿ ಚಿಪ್ಪು. ಪಣಂಬೂರು ಬೀಚಿನಲ್ಲಿ ಹೆಕ್ಕಿದ್ದಾದರೆ ಉಪ್ಪು ಹೋಗುವಷ್ಟು ದಿನ ಸಿಹಿನೀರಲ್ಲಿ ನೆನೆಸಿ ಒಣಗಿಸಬೇಕು. ಇಷ್ಟಕ್ಕೂ ನಿಲ್ಲದಿದ್ದರೆ ಹಾರ್ಮೋನ್ ಚಿಕಿತ್ಸೆ ಉಂಟು, ಅದು ಡಾಕ್ಟರ್ ಲೆಕ್ಕ.

ಮುಂದಿನ ಸಲ ಇಟ್ಟ ಮೊಟ್ಟೆಗಳನ್ನು ಅಮ್ಮ ಮುಟ್ಟಲಿಲ್ಲ. ಪೆನ್ಸಿಲಿನಲ್ಲಿ ತಾರೀಕು ಬರೆದು ಅಲ್ಲೇ ಬಿಟ್ಟರು. ನಾಲ್ಕಕ್ಕೆ ನಿಂತಿತು. ಮೂರು ವಾರ ಕಾವು ಕೂತು, ಬೇಜಾರಾಗಿ ಹಕ್ಕಿಯೇ ಎದ್ದು ಬಂತು.

ಈಗ ಯಾರಾದರೂ ಗಿಳಿ ಮೊಟ್ಟೆ ಅಂತ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, "ನಿಮ್ಮಲ್ಲಿ ಟಿವಿ ಎಷ್ಟು ಗಂಟೆಗೆ ಆಫ್ ಮಾಡ್ತೀರಿ?" ಕೆಲವರು ರಾಂಗ್ ನಂಬರ್ ಅಂತ ಇಟ್ಟುಬಿಡುತ್ತಾರೆ.