ಕೋಡಿನೊಳಗೇ ಬ್ರೇಕ್‌ಪಾಯಿಂಟ್: ನಿಲ್ಲಿಸೋದು ಸುಲಭ, ಮುಂದೆ ಓಡಿಸೋದೇ ಕಷ್ಟ

ಹುಬ್ಬಳ್ಳಿಯ ಕಾಲೇಜು ಲ್ಯಾಬ್ ಇರಲಿ, ಧಾರವಾಡದ ಹಾಸ್ಟೆಲ್ ರೂಮ್ ಇರಲಿ, ಟೇಬಲ್ ಮೇಲೆ ಮೂರು ನಮೂನಿ ಪ್ರೊಸೆಸರ್ ಈಗ ಸಾಮಾನ್ಯ: ಇಂಟೆಲ್ ಲ್ಯಾಪ್‌ಟಾಪ್, 64 ಬಿಟ್ ಲಿನಕ್ಸ್ ಹಾಕಿದ ರಾಸ್ಬೆರಿ ಪೈ, ಕಾರ್ಟೆಕ್ಸ್-ಎಂ3 ಇರುವ ಬ್ಲೂ ಪಿಲ್ ಬೋರ್ಡ್. ಒಂದೇ ಸಿ ಕೋಡ್ ಮೂರರಲ್ಲೂ ಓಡಬೇಕು, ಡೀಬಗರ್‌ಗೆ (ಓಡೋ ಕೋಡನ್ನ ನಿಲ್ಲಿಸಿ ತಪ್ಪು ಹುಡುಕೋ ಸಾಧನ) ‘ಇಲ್ಲಿ ನಿಲ್ಲು’ ಅನ್ನೋ ಮ್ಯಾಕ್ರೋ ಒಂದೇ ಇರಬೇಕು.

ಹಾಗೆ ನಿಲ್ಲಿಸೋ ಇನ್‌ಸ್ಟ್ರಕ್ಷನ್ ಪ್ರತಿ ಪ್ರೊಸೆಸರಿಗೂ ಬೇರೆ. ಎಕ್ಸ್86ಕ್ಕೆ (ಇಂಟೆಲ್) ಇಂಟ್3, ಒಂದೇ ಬೈಟ್. ಎಆರ್‌ಎಂ64ಕ್ಕೆ (ರಾಸ್ಬೆರಿ ಪೈ) ಬಿಆರ್‌ಕೆ, 4 ಬೈಟ್. ಕಾರ್ಟೆಕ್ಸ್-ಎಂಗೆ ಬಿಕೆಪಿಟಿ, 2 ಬೈಟ್. ರಿಸ್ಕ್-ವಿ ಆದರೆ ಇಬ್ರೇಕ್, 4 ಅಥವಾ 2. ಇಫ್‌ಡೆಫ್ ಹಾಕಿ ಇನ್‌ಲೈನ್ ಅಸೆಂಬ್ಲಿ ಬರೆದರೆ ಕೆಲಸ ಮುಗೀತು ಅನ್ನಿಸತ್ತೆ. ಮುಗಿಯೋದಿಲ್ರಿ.

ಇಂಟ್3 ಬಂದು ಓಟ ನಿಂತಾಗ ಪ್ರೋಗ್ರಾಂ ಕೌಂಟರ್ (ಮುಂದೆ ಓಡಬೇಕಾದ ಇನ್‌ಸ್ಟ್ರಕ್ಷನ್‌ನ ವಿಳಾಸ) ಆಗಲೇ ಮುಂದಿನ ಇನ್‌ಸ್ಟ್ರಕ್ಷನ್ ಮೇಲಿರತ್ತೆ. ಕಂಟಿನ್ಯೂ ಕೊಟ್ಟರೆ ಓಡತ್ತೆ. ಬಿಆರ್‌ಕೆಯಲ್ಲಿ ಕೌಂಟರ್ ಬಿಆರ್‌ಕೆ ಮೇಲೇ ಕೂತಿರತ್ತೆ. ಜಿಡಿಬಿ ಡೀಬಗರ್‌ನಲ್ಲಿ ಎಷ್ಟು ಸಲ ಕಂಟಿನ್ಯೂ ಒತ್ತಿದರೂ ಮತ್ತೆ ಅಲ್ಲೇ ನಿಲ್ಲತ್ತೆ. ಸೆಟ್ ಕಮಾಂಡ್‌ನಿಂದ ಕೌಂಟರಿಗೆ 4 ಕೂಡಿಸಿ ಆಮೇಲೆ ಓಡಿಸಬೇಕು. ಲೂಪ್ ಒಳಗೆ ಇಟ್ಟಿದ್ದರೆ ತಲೆ ಕೆಡತ್ತೆ.

ಅದಕ್ಕೇ ಲಿನಕ್ಸ್ ಇರೋ ಕಡೆ ಅಸೆಂಬ್ಲಿ ಬಿಟ್ಟು, ಸಿಗ್ನಲ್ ಕಳಿಸೋ ರೈಸ್ ಫಂಕ್ಷನ್‌ಗೆ ಸಿಗ್‌ಟ್ರ್ಯಾಪ್ (ಡೀಬಗರ್‌ಗಾಗಿ ಇರೋ ಸಿಗ್ನಲ್) ಕೊಡಿ. ಯಾವ ಪ್ರೊಸೆಸರ್ ಆದರೂ ಕಂಟಿನ್ಯೂ ಸರಿಯಾಗಿ ನಡೆಯತ್ತೆ, ಯಾಕಂದರೆ ಜಿಡಿಬಿ ಆ ಸಿಗ್ನಲ್ ಅನ್ನು ಪ್ರೋಗ್ರಾಂಗೆ ದಾಟಿಸೋದಿಲ್ಲ. ನಿಲ್ಲೋದು ಲೈಬ್ರರಿ ಒಳಗೆ, ಹಾಗಾಗಿ ‘ಅಪ್’ ಕೊಟ್ಟು ನಿಮ್ಮ ಸಾಲಿಗೆ ಬರಬೇಕು, ಅಷ್ಟೇ ಕಿರಿಕಿರಿ. ಡೀಬಗರ್ ಇಲ್ಲದೆ ಓಡಿಸಿದರೆ ಮಾತ್ರ ಪ್ರೋಗ್ರಾಂ ಅಲ್ಲೇ ಸಾಯತ್ತೆ.

ಜಿಸಿಸಿ ಕಂಪೈಲರ್‌ನ ಬಿಲ್ಟಿನ್ ಟ್ರ್ಯಾಪ್ ಇದಕ್ಕಲ್ಲ. ಅಲ್ಲಿಂದ ವಾಪಸ್ ಬರೋದೇ ಇಲ್ಲ ಅಂತ ಕಂಪೈಲರ್ ತಿಳಿದು ಮುಂದಿನ ಕೋಡ್ ಕಿತ್ತು ಹಾಕತ್ತೆ. ಸಿ++26ರಲ್ಲಿ ಇದಕ್ಕಂತಲೇ ಬ್ರೇಕ್‌ಪಾಯಿಂಟ್ ಫಂಕ್ಷನ್ ಬಂದಿದೆ, ಆದರೆ ಸಿ ಬರೆಯೋರಿಗೆ ಅದರಿಂದೇನು?

ಬ್ಲೂ ಪಿಲ್‌ನಲ್ಲಿ ಓಎಸ್ ಇಲ್ಲ, ಹಾಗಾಗಿ ಬಿಕೆಪಿಟಿಯೇ ಗತಿ. ಅದರ ಜೊತೆ ಬರೆಯೋ ಸಂಖ್ಯೆ 0 ಇಡಿ. ಹೆಕ್ಸ್ ಎಬಿ ಸೆಮಿಹೋಸ್ಟಿಂಗ್‌ಗೆ (ಡೀಬಗರ್ ಮೂಲಕ ಕಂಪ್ಯೂಟರಿನ ಪರದೆ, ಫೈಲ್ ಬಳಸೋದು) ಮೀಸಲು. ಇಲ್ಲೂ ಕೌಂಟರ್ ತಾನಾಗಿ ಸರಿಯೋದಿಲ್ಲ, ಡೀಬಗರ್ ತಾನೇ ದಾಟಿಸದಿದ್ದರೆ 2 ಕೂಡಿಸಬೇಕು. ಡೀಬಗರ್ ಇಲ್ಲದಾಗ ಬಿಕೆಪಿಟಿ ಬಂದರೆ ಸಾಮಾನ್ಯವಾಗಿ ನೇರ ಹಾರ್ಡ್‌ಫಾಲ್ಟ್, ಅಂದರೆ ಪ್ರೊಸೆಸರಿನ ಗಂಭೀರ ದೋಷದ ಸ್ಥಿತಿ. ಮೇಜಿನ ಮೇಲೆ ಎಸ್‌ಟಿ-ಲಿಂಕ್ (ಬೋರ್ಡಿಗೆ ಜೋಡಿಸೋ ಡೀಬಗರ್ ಸಾಧನ) ಜೊತೆ ಚಂದ ಓಡಿದ್ದ ಬೋರ್ಡ್ ಹೊಲದ ಪಂಪ್‌ಸೆಟ್‌ಗೆ ಜೋಡಿಸಿದ ಕೂಡಲೇ ಸ್ತಬ್ಧ. ಅದಕ್ಕೇ ಮೊದಲು ಡೀಬಗರ್ ಇದೆಯೋ ಇಲ್ಲವೋ ತಿಳಿಯೋಕೆ ಡಿಎಚ್‌ಸಿಎಸ್‌ಆರ್ ರಿಜಿಸ್ಟರ್ ಓದಿ (ವಿಳಾಸ ಹೆಕ್ಸ್ ಇ000ಇಡಿಎಫ್0), ಅದರ 0ನೇ ಬಿಟ್ 1 ಆಗಿದ್ದರೆ ಮಾತ್ರ ಬಿಕೆಪಿಟಿಗೆ ಹೋಗಲಿ. ಕಾರ್ಟೆಕ್ಸ್-ಎಂ0ನಲ್ಲಿ ಈ ಉಪಾಯ ನಂಬಬೇಡಿ, ಅಲ್ಲಿ ಆ ರಿಜಿಸ್ಟರ್ ಡೀಬಗರ್‌ಗೆ ಮಾತ್ರ. ಇನ್ನೊಂದು: ಎಸ್‌ಟಿ-ಲಿಂಕ್ ಕಿತ್ತರೂ ಆ ಬಿಟ್ ಉಳಿದಿರಬಹುದು. ರಿಸೆಟ್ ಬಟನ್ ಒತ್ತಿದರೆ ಹೋಗೋದಿಲ್ಲ, ಪವರ್ ತೆಗೆದು ಮತ್ತೆ ಕೊಟ್ಟು ಆಮೇಲೆ ಪರೀಕ್ಷೆ ಮಾಡ್ರಿ.