ಗೋಡೆ ಗಡಿಯಾರದ ಸೆಲ್ ತೆಗೆದಿಡಿ

24 ಮಾರ್ಚ್ 2025, ಸೋಮವಾರ

ಸಾಕ್ಷ್ಯಚಿತ್ರದಂತೆ ತೆಗೆದ ಅಮೆರಿಕದ ಹಾಸ್ಯ ಧಾರಾವಾಹಿ ‘ದಿ ಆಫೀಸ್’ ಎನ್‌ಬಿಸಿ ಎಂಬ ಟೀವಿ ವಾಹಿನಿಯಲ್ಲಿ ಶುರುವಾಗಿ ಇವತ್ತಿಗೆ 20 ವರ್ಷ. ಒಂಬತ್ತು ಸೀಸನ್, 201 ಕಂತು. ಕಥೆ ನಡೆಯುವುದು ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ, ಒಂದು ಕಾಗದದ ಕಂಪನಿಯಲ್ಲಿ. ಶೂಟಿಂಗ್ ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ. ಟೈಟಲ್‌ನಲ್ಲಿ ಹಾದುಹೋಗುವ ಊರಿನ ದೃಶ್ಯಗಳನ್ನು ನಟ ಜಾನ್ ಕ್ರಾಸಿನ್ಸ್ಕಿಯೇ ಸ್ಕ್ರ್ಯಾಂಟನ್‌ಗೆ ಹೋಗಿ ತೆಗೆದುಕೊಂಡು ಬಂದಿದ್ದರು.

ನೋಡುವವರಿಗೆ ‘ಕ್ಯಾಮೆರಾ ಇಟ್ಟುಬಿಟ್ಟಿದ್ದಾರೆ, ಅವರ ಪಾಡಿಗೆ ಅವರು ಕೆಲಸ ಮಾಡಿಕೊಂಡಿದ್ದಾರೆ’ ಅನ್ನಿಸಬೇಕು. ಹಾಗೆ ಅನ್ನಿಸಲು ಏನೇನು ಬೇಕಾಗುತ್ತದೆ ಎಂಬುದನ್ನು ಇವತ್ತು ಬರೆದಿಡುತ್ತಿದ್ದೇನೆ.

ಮೊದಲ ನಿಯಮ, ಕ್ಯಾಮೆರಾ ತುಸು ತಡವಾಗಿ ಬರಬೇಕು. ಇದರ ಛಾಯಾಗ್ರಾಹಕ ರಾಂಡಲ್ ಐನ್‌ಹಾರ್ನ್ ‘ಸರ್ವೈವರ್’ ಎಂಬ ರಿಯಾಲಿಟಿ ಶೋನಲ್ಲಿ ಪಳಗಿ ಬಂದವರು. ಅಲ್ಲಿ ಮುಂದಿನ ಕ್ಷಣ ಏನಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಸ್ಯ ಧಾರಾವಾಹಿಯ ಕ್ಯಾಮೆರಾಮನ್‌ಗೆ ಎಲ್ಲವೂ ಗೊತ್ತು, ತೊಂದರೆಯೇ ಅದು. ಮಾತು ಹೊರಡುವ ಮೊದಲೇ ಲೆನ್ಸ್ ಅತ್ತ ತಿರುಗಿದರೆ ಸಾಕ್ಷ್ಯಚಿತ್ರದ ಭ್ರಮೆ ಅಲ್ಲೇ ಒಡೆಯುತ್ತದೆ. ಮೊದಲ ಪದ ಕಿವಿಗೆ ಬಿದ್ದ ಮೇಲೆ ತಿರುಗಬೇಕು, ಫೋಕಸ್ ಒಂದು ಗಳಿಗೆ ತಪ್ಪಿ ಮತ್ತೆ ಸಿಗಬೇಕು. ಐದಾರು ಟೇಕ್ ಆಗುವಷ್ಟರಲ್ಲಿ ಕೈಗೆ ದೃಶ್ಯ ಬಾಯಿಪಾಠವಾಗಿಬಿಡುತ್ತದೆ, ಕ್ಯಾಮೆರಾ ತಿರುಗುವುದು ನುಣುಪಾಗುತ್ತದೆ. ಆಗ ಇಬ್ಬರು ಕ್ಯಾಮೆರಾಮನ್‌ಗಳ ಜಾಗ ಅದಲುಬದಲು ಮಾಡುವುದು ಒಳ್ಳೆಯ ಉಪಾಯ.

ಎರಡು ಕ್ಯಾಮೆರಾ ಹೆಗಲ ಮೇಲೆ ಒಟ್ಟಿಗೆ ಓಡಬೇಕು: ಒಂದು ಮಾತಾಡುವವರ ಮೇಲೆ, ಇನ್ನೊಂದು ಕೇಳುವವರ ಮೇಲೆ. ನಗೆ ಬಹುಪಾಲು ಹುಟ್ಟುವುದು ಕೇಳಿಸಿಕೊಳ್ಳುವವರ ಮುಖದಲ್ಲಿ. ಇಲ್ಲಿ ಪ್ರೇಕ್ಷಕರ ನಗುವನ್ನು ಸೇರಿಸುವ ಪದ್ಧತಿ ಇಲ್ಲದ್ದರಿಂದ ಎಡಿಟರ್ ಆ ಮುಖವನ್ನು ಎಷ್ಟು ಹೊತ್ತು ಹಿಡಿಯುತ್ತಾರೆ ಎಂಬುದರ ಮೇಲೆ ಜೋಕ್ ನಿಲ್ಲುತ್ತದೆ. ಆರೇಳು ಫ್ರೇಮ್, ಅಂದರೆ ಕಾಲು ಸೆಕೆಂಡು, ಮೊದಲೇ ಕತ್ತರಿಸಿದರೂ ಜೋಕ್ ಬಿದ್ದುಹೋಗುತ್ತದೆ.

ಇನ್ನು ದೃಶ್ಯದ ಹಿನ್ನೆಲೆಯಲ್ಲಿ ಕೂತ ನಟರು. ನಿರ್ದೇಶಕ ಕೆನ್ ಕ್ವಾಪಿಸ್ ಮೊದಲ ಕಂತಿನ ಶೂಟಿಂಗ್‌ನಲ್ಲಿ ದೃಶ್ಯ ಶುರುಮಾಡುವ ಮೊದಲು ಸುಮಾರು ಅರ್ಧ ಗಂಟೆ ಎಲ್ಲರನ್ನೂ ಅವರವರ ಮೇಜಿನಲ್ಲಿ ಕೂರಿಸಿ ಸುಮ್ಮನೆ ಕಚೇರಿ ಕೆಲಸ ಮಾಡಿಸುತ್ತಿದ್ದರು. ಕ್ಯಾಮೆರಾ ಓಡುತ್ತಲೇ ಇರುತ್ತಿತ್ತು. ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಕೆಲಸ ಮಾಡುತ್ತಿರುವಂತೆ ನಟಿಸಿ’ ಎಂದರೆ ಎಲ್ಲರೂ ಸುಮ್ಮನೆ ಕೀಬೋರ್ಡ್ ಕುಟ್ಟುತ್ತಾರೆ. ನಿಜವಾಗಿ ಮಾಡಲು ಏನಾದರೂ ಕೊಟ್ಟರೆ ಕೈ ನಿಲ್ಲುತ್ತದೆ, ಕಣ್ಣು ಅಲೆಯುತ್ತದೆ, ಆಕಳಿಕೆ ಬರುತ್ತದೆ. ಮುಂದೆ ಸೆಟ್ಟಿನ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ ಸಂಪರ್ಕವೇ ಇತ್ತು. ಫಿಲಿಸ್ ಸ್ಮಿತ್ ಅವರು ಪಾತ್ರವರ್ಗ ಆಯ್ಕೆಯ ವಿಭಾಗದಲ್ಲಿದ್ದು, ಆಡಿಷನ್‌ಗೆ ಬಂದವರ ಎದುರು ಸಂಭಾಷಣೆ ಓದುತ್ತಿದ್ದವರು. ಆ ಓದನ್ನು ಕೇಳಿಯೇ ಕ್ವಾಪಿಸ್ ಅವರಿಗೂ ಒಂದು ಪಾತ್ರ ಕೊಟ್ಟು ಮೇಜಿಗೆ ಕೂರಿಸಿದರು.

ಬೆಳಕಿನದು ಬೇರೆಯೇ ತಲೆನೋವು. ಕಚೇರಿ ಅಂದಮೇಲೆ ನೆತ್ತಿಯ ಮೇಲೆ ಟ್ಯೂಬ್‌ಲೈಟ್ ಇರಲೇಬೇಕು. ಅಮೆರಿಕದ ವಿದ್ಯುತ್ 60 ಹರ್ಟ್ಸ್. ಹಳೆಯ ಚೋಕ್ ಇರುವ ಟ್ಯೂಬ್ ಸೆಕೆಂಡಿಗೆ 120 ಸಲ ಮಿನುಗುತ್ತದೆ. ಅಲ್ಲಿಯ ಟೀವಿಯ ರೂಢಿಯಂತೆ ಸೆಕೆಂಡಿಗೆ 23.976 ಫ್ರೇಮ್‌ನಲ್ಲಿ ತೆಗೆಯುವಾಗ ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/48 ಸೆಕೆಂಡು ಇದ್ದರೆ ಒಂದು ಫ್ರೇಮಿಗೆ ಎರಡೂವರೆ ಮಿನುಗು ಸಿಗುತ್ತದೆ, ಆ ಅರ್ಧ ಮಿನುಗು ನಿಧಾನವಾಗಿ ಜರುಗುತ್ತಾ ಹೋಗಿ ಚಿತ್ರ ಮಂಕಾಗಿ ಮತ್ತೆ ಬೆಳಗುತ್ತದೆ. 1/60ಕ್ಕೆ ಇಟ್ಟರೆ ಸರಿಯಾಗಿ ಎರಡು ಮಿನುಗು, ಚಿತ್ರ ಸ್ಥಿರ. ಎಲೆಕ್ಟ್ರಾನಿಕ್ ಚೋಕ್ ಹಾಕಿಬಿಟ್ಟರೆ ಈ ಗೋಳೇ ಇಲ್ಲ.

ಧ್ವನಿಗೆ ಎಲ್ಲರಿಗೂ ಬಟ್ಟೆಯೊಳಗೆ ಕಾಲರ್ ಮೈಕ್. ಒಂದು ಕ್ಯಾಮೆರಾ ಇಡೀ ಕೋಣೆಯನ್ನು ಹಿಡಿದಿರುವಾಗ ಬೂಮ್, ಅಂದರೆ ಉದ್ದ ಕೋಲಿನ ತುದಿಯ ಮೈಕ್, ಹತ್ತಿರ ಬರಲಾಗದು. ಎ.ಸಿ., ಫ್ರಿಜ್, ಪ್ರಿಂಟರ್ ಬಂದ್. ಫೋನಿನ ರಿಂಗ್ ಸೇರುವುದು ಆಮೇಲೆ, ಎಡಿಟಿಂಗ್ ಟೇಬಲ್ ಮೇಲೆ. ಕಾಗದ ತಿರುವುವ ಸದ್ದು ಸಂಭಾಷಣೆಯ ಮೇಲೆ ಬಿದ್ದರೆ ಆಮೇಲೆ ತೆಗೆಯುವುದು ಬಹಳ ಕಷ್ಟ. ಅದಕ್ಕೆ ನಟರ ಕೈಗೆ ಕೊಡುವ ಹಾಳೆಗಳ ಮೇಲೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಚಿಮುಕಿಸಬೇಕು. ತೇವ ಹೆಚ್ಚಾದರೆ ಹಾಳೆ ಬಟ್ಟೆಯಂತೆ ಜೋತುಬಿದ್ದು ಕ್ಯಾಮೆರಾದಲ್ಲಿ ಕಂಡುಬಿಡುತ್ತದೆ. ಬೆರಳಿಗೆ ತಂಪು ತಟ್ಟಿದರೆ ಸಾಕು.

ಗೋಡೆ ಗಡಿಯಾರದ ಸೆಲ್ ತೆಗೆದಿಡುವುದು ಎರಡು ಕಾರಣಕ್ಕೆ. ಟಿಕ್ ಟಿಕ್ ಮೈಕ್‌ಗೆ ಸಿಗುತ್ತದೆ, ಮತ್ತು ಮೂರು ನಿಮಿಷದ ದೃಶ್ಯಕ್ಕೆ ಅರ್ಧ ದಿನ ಹಿಡಿದಾಗ ಮುಳ್ಳು ಶಾಟ್‌ನಿಂದ ಶಾಟ್‌ಗೆ ಗಂಟೆಗಟ್ಟಲೆ ಹಾರುತ್ತದೆ. ದೃಶ್ಯ ಬದಲಾದಾಗ ಕಲಾ ವಿಭಾಗದವರೊಬ್ಬರು ಏಣಿ ಹಾಕಿಕೊಂಡು ಮುಳ್ಳು ತಿರುಗಿಸಿ, ಹೊಸ ಸಮಯವನ್ನು ಕಂಟಿನ್ಯುಟಿ ಪುಸ್ತಕ (ಶಾಟ್‌ನಿಂದ ಶಾಟ್‌ಗೆ ಎಲ್ಲ ಹೊಂದುವಂತೆ ಬರೆದಿಡುವ ಟಿಪ್ಪಣಿ) ಹಿಡಿದವರಿಗೆ ಕೂಗಿ ಹೇಳಿ ಇಳಿಯಬೇಕು. ಇಲ್ಲದಿದ್ದರೆ ಊಟದ ಬಿಡುವಿನ ಜೋಕ್ ಬೆಳಗಿನ ಒಂಬತ್ತಕ್ಕೆ ನಡೆದುಬಿಡುತ್ತದೆ.