ಕತ್ತಲೆಕಾನಿನ ಹೆಸರು ಹೊತ್ತ ಮರ

ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಹೇಳೋಕೆ ನಾಲಿಗೆ ತಿರುಗಲ್ಲ ಅಲ್ವಾ? ಆದರೆ ಇದು ನಮ್ಮದೇ ಮರ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅನ್ನೋ ಕಾಡಿನ ಹೆಸರನ್ನೇ ಹೊತ್ತಿದೆ, ಗೇರಿನ ಬಳಗದ್ದು. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದೇ 2000ದಲ್ಲಿ. ಅಷ್ಟರಲ್ಲಾಗಲೇ ಅಳಿವಿನಂಚಿಗೆ ಬಂದಿತ್ತು.

ಇದು ಬೆಳೆಯೋದು ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳಿರುವ ಜೌಗು ಕಾಡಿನಲ್ಲಿ. ಕಾಲಿಟ್ಟರೆ ಹೂತುಹೋಗುವ ಕಪ್ಪು ಕೆಸರು, ಕೆಸರಿನಿಂದ ಮೇಲೆದ್ದ ಬೇರು, ವರ್ಷವಿಡೀ ಸಣ್ಣಗೆ ಹರಿಯುವ ನೀರು. ಇಂಥ ಎಷ್ಟೋ ಜಾಗ ಅಡಿಕೆ ತೋಟ, ಗದ್ದೆಯಾಗಿ ಹೋಗಿವೆ. ತೋಟ ಮಾಡಿದವರನ್ನು ನಾನು ಸುಮ್ನೆ ಬೈಯಲ್ಲ, ನೀರಿರುವ ಜಾಗವನ್ನು ಯಾರು ಬಿಡ್ತಾರೆ?

ಬೀಜ ಕೂಡಿಡೋಣ ಅಂದರೆ ಅದೂ ಆಗಲ್ಲ. ಒಣಗಿದರೆ ಸತ್ತೇ ಹೋಗುತ್ತದೆ. ಹಸಿ ಇರುವಾಗಲೇ ನೆಡಬೇಕು. ಜೊತೆಗೆ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಒಂಟಿ ಮರ ಉಳಿಸಿದರೆ ಕಾಯಿ ಎಲ್ಲಿಂದ? ಅದಕ್ಕೇ ಮರಗಳನ್ನು ಜಡ್ಡಿಯಲ್ಲೇ ಉಳಿಸಬೇಕು. ನರ್ಸರಿಯಲ್ಲಿ ಎಷ್ಟು ಸಸಿ ಮಾಡಿದರೂ, ಜಡ್ಡಿಯ ನೀರು ತಿರುಗಿಸಿದ ದಿನ ಆಟ ಮುಗೀತು.